ಕೆರೆ ಕಾಣುವ ಜಾಗ

ನನಗೆ ಜಾಗ ಆರಿಸಲು ಬರುವುದಿಲ್ಲ. ಇದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುವ ವಯಸ್ಸಿಗೆ ನಾನು ಬಂದಿದ್ದೇನೆ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಬಸ್ಸು ಪೂರ್ತಿ ಖಾಲಿಯಿದ್ದರೂ, ಎಡಕ್ಕೆ ಕೂರಲೋ ಬಲಕ್ಕೆ ಕೂರಲೋ ಎಂದು ಸೂರ್ಯನ ಲೆಕ್ಕ ಹಾಕಿ, ಕೊನೆಗೆ ಬಿಸಿಲು ನೇರವಾಗಿ ಕೆನ್ನೆಗೆ ಬೀಳುವ ಸೀಟಿನಲ್ಲೇ ಕೂತಿರುತ್ತೇನೆ. ಮದುವೆ ಊಟದಲ್ಲಿ ನಾನು ಕೂತ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಹೋಳಿಗೆಯ ತಟ್ಟೆ ಖಾಲಿಯಾಗುತ್ತದೆ. ಹೊಸೂರಿನ ಆಲಸನತ್ತಂನಲ್ಲಿ ಮನೆ ಕೊಂಡಾಗ, ಎದುರಿಗೆ ಬಯಲು, ದೂರದಲ್ಲಿ ಗುಡ್ಡ, ಇಂಥದ್ದು ಯಾರಿಗೆ ಸಿಗುತ್ತದೆ ಎಂದು ಬೀಗಿದ್ದೆ. ಗೃಹಪ್ರವೇಶದ ತೋರಣ ಒಣಗುವ ಮೊದಲೇ ಆ ಬಯಲಿಗೆ ಬೋರ್‌ವೆಲ್ ಲಾರಿ ಬಂದು ನಿಂತಿತು. ಈಗ ನಮ್ಮ ಕಿಟಕಿಯಿಂದ ನಾಲ್ಕು ಅಂತಸ್ತಿನವರು ಒಣಗಹಾಕಿದ ಬಟ್ಟೆ ಕಾಣುತ್ತದೆ. ಗುಡ್ಡ ಅದರ ಹಿಂದೆ ಇನ್ನೂ ಇದೆಯೆಂದು ನಂಬಿಕೊಂಡಿದ್ದೇವೆ.

ತಮಾಷೆಯೆಂದರೆ ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಆರಿಸುವುದು. ಕ್ವಾಲಿಟಿ ವಿಭಾಗದಲ್ಲಿ ಕೂತು ದಿನವಿಡೀ ಗೇರುಗಳನ್ನು ಅಳೆಯುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಡಬ್ಬಕ್ಕೆ, ಸರಿಯಿದ್ದರೆ ಹಸಿರು ಡಬ್ಬಕ್ಕೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೈ ನಡುಗಿಲ್ಲ. ಆದರೆ ಗೇರಿಗೆ ನಕ್ಷೆಯಿರುತ್ತದೆ, ಅಳತೆ ಬರೆದಿರುತ್ತದೆ. ಒಂದು ಜಾಗ ಚೆಂದವೋ ಅಲ್ಲವೋ ಎಂಬುದಕ್ಕೆ ಅಳತೆ ಎಲ್ಲಿ ಬರೆದಿದೆ? ಈ ಪ್ರಶ್ನೆ ನನ್ನನ್ನು ಮೂರು ವಾರ ಕಾಡಿತು.

ಆದದ್ದು ಇಷ್ಟು. ನಮ್ಮ ವಿಭಾಗದ ಮುರುಗೇಶನ್ ನನಗೆ ಒಳ್ಳೆಯ ಗೆಳೆಯ. ಅವನ ಭಾವಮೈದ ಹಳೆಯ ವ್ಯಾನೊಂದನ್ನು ಕೊಂಡು, ಅದರೊಳಗೆ ಎರಡು ಹಾಸಿಗೆ, ಒಂದು ಒಲೆ, ಬೀರುವಿನಷ್ಟು ಅಗಲದ ಕಕ್ಕಸು, ಮಡಿಸುವ ಎರಡು ಕುರ್ಚಿ ಇಟ್ಟು ಕ್ಯಾರವಾನ್ ಮಾಡಿದ್ದ. ಫ್ಯಾಕ್ಟರಿಯಲ್ಲಿ ಯಂತ್ರಗಳ ರಿಪೇರಿಗೆಂದು ವರ್ಷಕ್ಕೊಮ್ಮೆ ಬರುವ ಶಟ್‌ಡೌನ್ ರಜೆ ಹತ್ತಿರವಾದಾಗ ಮುರುಗೇಶನ್ ತನ್ನ ತಮಿಳುಗನ್ನಡದಲ್ಲಿ ಹೇಳಿದ: "ಸಾರ್, ವಂಡಿ ಸುಮ್ಮನೆ ನಿಂತಿದೆ. ಮೇಡಮ್ಮನ್ನ ಕರ್ಕೊಂಡು ಎರಡು ದಿನ ಹೋಗ್ಬನ್ನಿ. ಎಲ್ಲಿ ನಿಲ್ಲಿಸೋದು ಅಂತ ಮಾತ್ರ ನೀವೇ ನೋಡ್ಕೋಬೇಕು, ಅದು ನಮ್ಮ ಪೊರುಪ್ಪು ಇಲ್ಲ." ಜವಾಬ್ದಾರಿ ತನ್ನದಲ್ಲ ಎಂದು ಮೊದಲೇ ಹೇಳಿದವನ ಬುದ್ಧಿವಂತಿಕೆ ನನಗೆ ಆಗ ತಿಳಿಯಲಿಲ್ಲ.

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳಿದೆ. ಅವಳು ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಜವಾಗ್ಲೂ ನಾವಿಬ್ರೇನಾ? ಯಾರ ಮನೆಗೂ ಹೋಗೋದಲ್ವಾ?" ಎಂದಳು. ಅಲ್ಲವೆಂದೆ. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ರಜ ಅಂದ್ರೆ ಒಂದೋ ನಮ್ಮನೆಗೆ ನೆಂಟರು ಬರ್ತಾರೆ, ಇಲ್ಲಾ ನಾವು ನೆಂಟರ ಮನೆಗೆ ಹೋಗ್ತೀವಿ. ಎರಡು ಕಡೇನೂ ನಾನು ಅಡುಗೆಮನೇಲೇ ಇರ್ತೀನಿ. ನೀರು ಕಾಣೋ ಕಡೆ ಗಾಡಿ ನಿಲ್ಲಿಸಿ ರೀ. ಎರಡು ದಿನ ಯಾರಿಗೂ ಏನೂ ಬಡಿಸದೆ ಸುಮ್ನೆ ಕೂತಿರ್ತೀನಿ." ಇಷ್ಟು ಹೇಳಿ ಮತ್ತೆ ಸೊಪ್ಪಿಗೆ ಕೈಹಾಕಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಇವಳು ಕೇಳಿದ್ದು ಒಡವೆಯಲ್ಲ, ಸೀರೆಯಲ್ಲ, ಒಂದು ಕುರ್ಚಿ ಮತ್ತು ಅದರ ಮುಂದೆ ಒಂದಿಷ್ಟು ನೀರು. ಇದನ್ನೂ ಕೊಡಲಾಗದಿದ್ದರೆ ನಾನೆಂಥ ಗಂಡ ಎಂದುಕೊಂಡು ಅವತ್ತೇ ಹುಡುಕಾಟಕ್ಕೆ ಇಳಿದೆ.

ಮೊದಲು ಫೋನಿನಲ್ಲಿ ವಿಡಿಯೋಗಳನ್ನು ನೋಡಿದೆ. ಒಬ್ಬ ಗಡ್ಡದವನು ನೀರಿನ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಎಂದ. ಇನ್ನೊಬ್ಬ ಗಡ್ಡದವನು ನೀರಿನ ಪಕ್ಕ ಮಾತ್ರ ನಿಲ್ಲಿಸಬೇಡಿ, ಸೊಳ್ಳೆ ಎಂದ. ಮರದ ನೆರಳಿರಬೇಕು, ಆದರೆ ಮರದ ಕೆಳಗಿರಬಾರದು. ಜನರಿಂದ ದೂರವಿರಬೇಕು, ಆದರೆ ಕೂಗಿದರೆ ಜನ ಬರುವಂತಿರಬೇಕು. ಕಿಟಕಿ ಪೂರ್ವಕ್ಕಿದ್ದರೆ ಸೂರ್ಯೋದಯ, ಪಶ್ಚಿಮಕ್ಕಿದ್ದರೆ ಸೂರ್ಯಾಸ್ತ, ಎರಡೂ ಬೇಕಾದವರು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಪಕ್ಕದ ಮನೆಯ ಅಜ್ಜಿ, ಗಾಡಿ ಯಾವ ಕಡೆ ಮುಖ ಮಾಡಿದರೂ ಸರಿ, ತಲೆ ಮಾತ್ರ ಉತ್ತರಕ್ಕೆ ಹಾಕಿ ಮಲಗಬೇಡಿ ಎಂದರು. ಎಲ್ಲ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಬರೆದುಕೊಂಡ ಮೇಲೆ ಮೊದಲು ಗೊತ್ತಿದ್ದಷ್ಟೂ ಗೊತ್ತಿಲ್ಲದಂತಾಯಿತು.

ಎರಡು ಭಾನುವಾರ ಸ್ಕೂಟರಿನಲ್ಲಿ ಸುತ್ತಿದೆ. ಗಾಡಿ ನಿಲ್ಲುವ ನೆಲ ಸಮವಾಗಿರಬೇಕು, ಇಲ್ಲದಿದ್ದರೆ ಮಲಗಿದವರು ಬೆಳಗಾಗುವಷ್ಟರಲ್ಲಿ ಬಾಗಿಲ ಹತ್ತಿರ ಬಂದಿರುತ್ತಾರೆ ಎಂದು ಮುರುಗೇಶನ್ ಹೇಳಿದ್ದನಾದ್ದರಿಂದ, ಗಾರೆಯವರು ಬಳಸುವ ರಸಮಟ್ಟವೊಂದನ್ನು ಜೊತೆಗೆ ಒಯ್ದಿದ್ದೆ. ಅದು ದೊಡ್ಡ ತಪ್ಪು. ನಮ್ಮ ಕಡೆ ಪ್ಯಾಂಟು ಹಾಕಿದವನೊಬ್ಬ ಹೊಲದಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ರಸಮಟ್ಟ ಇಟ್ಟನೆಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಬಾಗಲೂರಿನ ಆಚೆ ಹತ್ತು ನಿಮಿಷದಲ್ಲಿ ಆರು ಜನ ಸೇರಿದರು. "ಸಾಮಿ, ಹೊಸ ರೋಡು ಈ ಕಡೆಯಿಂದ ಬತ್ತದಾ, ಆ ಕಡೆಯಿಂದಾನಾ?" ಎಂದು ಒಬ್ಬ ಕೇಳಿದ. ರೋಡಿಗಲ್ಲ, ಸೀನರಿ ನೋಡಲು ಬಂದೆ ಎಂದೆ. "ಮೊದ್ಲು ಬಂದೋರೂ ಹಂಗೇ ಅಂದ್ರು," ಎಂದ ಇನ್ನೊಬ್ಬ. ಅವರ ಟೊಮೆಟೊ ಹೊಲವನ್ನು ನಾನು ಎತ್ತಿಕೊಂಡು ಹೋಗುವುದಿಲ್ಲವೆಂದು ಆಣೆಯಿಟ್ಟು ಸ್ಕೂಟರ್ ಹತ್ತಿದೆ. ಅಂಚೆಟ್ಟಿಯ ಕಡೆ ಒಂದು ಹಳ್ಳ ಬಹಳ ಚೆಂದವಿತ್ತು. ಅಲ್ಲಿ ಕುರಿ ಕಾಯುತ್ತಿದ್ದ ಮುದುಕ ತಮಿಳಿನಲ್ಲಿ, ಹೌದು, ಸಂಜೆ ಹೊತ್ತು ಆನೆಗಳಿಗೂ ಇಲ್ಲಿ ಬಹಳ ಇಷ್ಟ ಎಂದ.

ಇದೆಲ್ಲಕ್ಕಿಂತ ದೊಡ್ಡ ತೊಡಕು ನೆಂಟರದು. ಬೆಂಗಳೂರಿನವರು ನಮ್ಮ ಕಡೆ ಬಂದರೆ ಅವರಿಗೆ ಕೆರೆ ಕಾಣುತ್ತದೆ, ಬಂಡೆ ಕಾಣುತ್ತದೆ. ನನಗೆ ನೆಂಟರು ಕಾಣುತ್ತಾರೆ. ಗಡಿಯ ಈ ಊರುಗಳಲ್ಲಿ ಹೆಣ್ಣು ಕೊಟ್ಟು ತಂದು, ತಂದು ಕೊಟ್ಟು, ನಮಗೆ ನೆಂಟರಿಲ್ಲದ ಕೆರೆಯೇ ಉಳಿದಿಲ್ಲ. ನೆಂಟರ ಊರಿನ ಮೇಲೆ ಹಾದುಹೋದರೆ ಇಳಿದು ಒಂದು ಲೋಟ ನೀರಾದರೂ ಕುಡಿದು ಹೋಗಬೇಕು. ಕುಡಿಯದೆ ಹೋದದ್ದು ಗೊತ್ತಾದರೆ ಮುಂದಿನ ಮೂರು ಮದುವೆಗಳಲ್ಲಿ ಅದೇ ಮಾತು. ಇನ್ನು ಅವರ ಊರಿನ ಮುಂದೆಯೇ ಗಾಡಿ ನಿಲ್ಲಿಸಿ, ಅವರ ಮನೆ ಬಿಟ್ಟು ಗಾಡಿಯಲ್ಲಿ ಮಲಗಿದರೆ ಏನಾದೀತು? ಕೆಲವರಪಳ್ಳಿ ಅಣೆಕಟ್ಟೆಯ ಹತ್ತಿರ ಚಿಕ್ಕಪ್ಪನ ಮಗಳು, ರಾಯಕೋಟೆಯ ಬೆಟ್ಟದ ಬುಡದಲ್ಲಿ ಗಿರಿಜಾಳ ಅಕ್ಕ, ಶೂಲಗಿರಿಯಲ್ಲಿ ಇಬ್ಬರ ಕಡೆಯವರೂ. ಒಂದೊಂದನ್ನೇ ಕೆಂಪು ಡಬ್ಬಕ್ಕೆ ಹಾಕುತ್ತ ಬಂದೆ. ಕೊನೆಗೆ ನನ್ನ ಹಾಳೆಯಲ್ಲಿ ಉಳಿದದ್ದು ಗುಮ್ಮಳಾಪುರದ ಆಚೆಯ ಒಂದು ಕೆರೆ. ಏರಿ ಅಗಲವಾಗಿದೆ, ಮಟ್ಟವಾಗಿದೆ, ಹುಣಸೆಮರಗಳಿವೆ, ನೀರು ತುಂಬಿ ಆಕಾಶ ಪೂರ್ತಿ ಅದರಲ್ಲಿ ಬಿದ್ದಿದೆ. ಕುಂದು ಒಂದೇ. ಆ ಏರಿಯಿಂದ ಕೂಗಳತೆಯಲ್ಲಿ ನನ್ನ ಸೋದರಮಾವ ಮುನಿಯಪ್ಪನವರ ಮನೆಯಿದೆ.

ಆದರೆ ಆ ವಾರ ಮಾವನ ಮನೆಯವರೆಲ್ಲ ಅತ್ತೆಯ ತವರಿನ ಕಡೆಯ ಮದುವೆಗೆ ಕೋಲಾರಕ್ಕೆ ಹೊರಟಿದ್ದಾರೆಂಬ ಸುದ್ದಿ ನನ್ನ ಕಿವಿಗೆ ಬಿತ್ತು. ಹಿಗ್ಗಿಹೋದೆ. ಆದರೂ ನಾನು ಕ್ವಾಲಿಟಿಯವನು, ಒಮ್ಮೆ ಅಳೆದದ್ದನ್ನು ಮತ್ತೊಮ್ಮೆ ಅಳೆಯದೆ ಬಿಡುವವನಲ್ಲ. ಫೋನ್ ಮಾಡಿದೆ. "ಮಾವ, ಶನಿವಾರ ಭಾನುವಾರ ಊರಲ್ಲಿ ಇರ್ತೀರಾ?" ಎಂದೆ.

"ಇಲ್ಲ ಕಣ್ಲಾ, ಕ್ವಾಲಾರಕ್ಕೆ ಹೋಗ್ತಾ ಇವ್ನಿ. ಯಾಕ್ಲಾ?"

"ಏನಿಲ್ಲ ಮಾವ, ಸುಮ್ನೆ ಕೇಳ್ದೆ," ಎಂದು ಫೋನ್ ಇಟ್ಟೆ. ಹಾಳೆಯಲ್ಲಿ ಆ ಕೆರೆಯ ಮುಂದೆ ಹಸಿರು ಪೆನ್ನಿನಿಂದ ಗುರುತು ಹಾಕಿದೆ.

ಶನಿವಾರ ಮಧ್ಯಾಹ್ನ ಗಾಡಿಯನ್ನು ಏರಿಯ ಮೇಲೆ ತಂದು ನಿಲ್ಲಿಸಿದೆ. ಗಿರಿಜಾ ಇಳಿದು ನೀರನ್ನು ನೋಡಿದಳು. ಕುರ್ಚಿ ಬಿಡಿಸಿ ಕೂತಳು, ಚಪ್ಪಲಿ ಬಿಟ್ಟು ಕಾಲು ಚಾಚಿದಳು. ದೂರದಲ್ಲಿ ಬೆಳ್ಳಕ್ಕಿಗಳು ನೀರಿನಂಚಿನಲ್ಲಿ ನಿಂತಿದ್ದವು. ಬದುಕಿನಲ್ಲಿ ಮೊದಲ ಸಲ ಸರಿಯಾದ ಜಾಗ ಆರಿಸಿದೆನಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ಇದು ಹೆಚ್ಚೆಂದರೆ ಇಪ್ಪತ್ತು ನಿಮಿಷ ನಡೆಯಿತು. ಆಮೇಲೆ ಏರಿಯ ಆ ತುದಿಯಿಂದ ಒಂದು ಮೊಪೆಡ್ ಬರುತ್ತಿರುವುದು ಕಾಣಿಸಿತು. ಮುಂದೆ ಮಾವ, ಹಿಂದೆ ಅತ್ತೆ.

"ಮಾವ, ಕೋಲಾರ...?" ಎಂದೆ.

"ಮಗ ಸೊಸೆ ಹೋಗವ್ರೆ. ನೀನು ಫೋನ್ ಮಾಡಿದ್ಯಲ್ಲ, ನಾವು ನಿಂತ್ಕಂಡ್ವಿ. ಊರಾಗಿರ್ತೀರಾ ಅಂತ ಸುಮ್ನೆ ಯಾರ್ಲಾ ಕೇಳ್ತಾರೆ? ಬರ್ಬೇಕು ಅಂತವ್ನೆ, ಹೇಳಾಕೆ ಸಂಕೋಚ ಪಡ್ತಾವ್ನೆ ಅಂದ್ಕಂಡೆ. ಬೆಳಿಗ್ಗೇನೇ ಕೋಳಿ ಕುಯ್ಸಿವ್ನಿ." ಮಾವ ಮೊಪೆಡ್ ನಿಲ್ಲಿಸಿ ಗಾಡಿಯನ್ನೂ ಕುರ್ಚಿಗಳನ್ನೂ ನೋಡಿದರು. ಅವರ ಮುಖ ಸಣ್ಣದಾಯಿತು. "ಯಾಕ್ಲಾ, ನಮ್ಮನೆ ಬಿದ್ದೋಗೈತಾ? ಅಕ್ಕನ ಮಗ ಕೆರೆ ಏರಿ ಮ್ಯಾಲೆ ಮನೀಕಂಡ್ರೆ ಊರೋರು ನನ್ ಮಕಕ್ಕೆ ಉಗಿಯಲ್ವಾ?"

ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಏರಿಯ ಮೇಲೆ ಓಡಾಡಿದ ಮಾವ ಅವರು. ಅವರಿಗೆ ಇಲ್ಲವೆನ್ನಲು ನಾಲಿಗೆ ಏಳದು. ಗಿರಿಜಾಳ ಕಡೆ ನೋಡಿದರೆ ಅವಳು ಆಗಲೇ ಕಾಲು ಹಿಂದಕ್ಕೆಳೆದುಕೊಂಡು ಚಪ್ಪಲಿ ಹುಡುಕುತ್ತಿದ್ದಳು, ಸೆರಗು ಸೊಂಟಕ್ಕೆ ಸಿಗಿಸಲು ಕೈ ತಾನಾಗಿಯೇ ಹೋಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. "ನಡೀರಿ, ಮಾವ ಬೇಜಾರ್ ಮಾಡ್ಕೋತಾರೆ," ಎಂದಳು. ಅದರಿಂದ ನನಗೆ ಬಹಳ ನೋವಾಯಿತು. ಬಾಯಿ ತೆರೆದೆ. ಹೊರಬಂದದ್ದು, "ಮಾವ, ಇದರಲ್ಲಿ ಕಕ್ಕಸೂ ಇದೆ," ಎಂಬ ಮಾತು. ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ.

ಊರಿನಿಂದ ಅಷ್ಟು ಹೊತ್ತಿಗೆ ಹತ್ತು ಹದಿನೈದು ಜನ ಬಂದಿದ್ದರು. ಈ ಮಾತು ಅವರ ಕಿವಿಗೂ ಬಿತ್ತು. ಒಬ್ಬೊಬ್ಬರಾಗಿ ಗಾಡಿ ಹತ್ತಿ ಕಕ್ಕಸಿನ ಬಾಗಿಲು ತೆರೆದು ನೋಡಿ, ಮುಚ್ಚಿ, ಇಳಿದರು. ಮಾವ ತಮ್ಮ ಸಿಟ್ಟು ಮರೆತು, "ಇದು ನಮ್ ಅಕ್ಕನ ಮಗನ ಗಾಡಿ, ನಿಧಾನವಾಗಿ ಹತ್ರಪ್ಪಾ," ಎಂದು ಜನರನ್ನು ಸಾಲಾಗಿ ಬಿಡುವ ಕೆಲಸಕ್ಕೆ ನಿಂತರು. ನೋಡಲು ಏನೂ ಉಳಿಯದಾದಾಗ ಜನ ಕರಗಿದರು. ಆಗ ನಾವು ಗಮನಿಸಿದೆವು: ಅತ್ತೆ ಗಿರಿಜಾಳ ಪಕ್ಕದ ಎರಡನೆಯ ಕುರ್ಚಿಯಲ್ಲಿ ಕೂತಿದ್ದರು.

"ಮೂವತ್ತೆಂಟು ವರ್ಷ ಆಯ್ತಮ್ಮ ಈ ಊರಿಗೆ ಬಂದು," ಎಂದು ಅತ್ತೆ ಗಿರಿಜಾಳಿಗೆ ಹೇಳುತ್ತಿದ್ದರು. "ಬಟ್ಟೆ ಒಗ್ಯಾಕೆ ಬಂದಿವ್ನಿ, ಎಮ್ಮೆ ತೊಳ್ಯಾಕೆ ಬಂದಿವ್ನಿ. ಹಿಂಗೆ ಕುಂತ್ಕಂಡು ಈ ಕೆರೇನ ಒಂದಿನಾನೂ ನೋಡ್ಲಿಲ್ಲ. ಇಷ್ಟು ಅಗಲ ಐತೆ ಅಂತ್ಲೇ ಗೊತ್ತಿರ್ಲಿಲ್ಲ."

ಗಿರಿಜಾ ಅವರನ್ನು ನೋಡಿದಳು. "ಮದುವೆ ತಪ್ಪಿಸ್ಬಿಟ್ವಿ ಅತ್ತೆ, ನಿಮಗೆ," ಎಂದಳು.

"ಬಿಡಮ್ಮ, ಅಲ್ಲೋಗಿದ್ರೂ ಬಡಿಸಾದೇ."

ಆಮೇಲೆ ಗಿರಿಜಾ ಚಪ್ಪಲಿಯನ್ನು ಕಾಲಿನಿಂದ ಆಚೆ ತಳ್ಳಿ, ನನ್ನ ಕಡೆ ತಿರುಗಿ, ಆಫೀಸಿನಲ್ಲಿ ಕೆಲಸ ಹಂಚುವವರ ದನಿಯಲ್ಲಿ ಹೇಳಿದಳು: "ಮಾವ ಹೇಳೋದು ಸರಿ ರೀ. ಅಕ್ಕನ ಮಗ ಅವರ ಮನೇಲೇ ಮಲಗ್ಬೇಕು. ನೀವು ಹೋಗಿ. ಅತ್ತೆ ನನ್ನ ಜೊತೆ ಇಲ್ಲೇ ಇರ್ತಾರೆ." ಮಾವ, "ಅಲ್ಲಮ್ಮ, ಕೋಳಿ...?" ಎಂದರು. ಅತ್ತೆ ಕೆರೆಯಿಂದ ಕಣ್ಣು ತೆಗೆಯದೆ, "ಮಸಾಲೆ ಅರೆದಿಟ್ಟಿವ್ನಿ, ಇಬ್ರೂ ಗಂಡಸ್ರು ಇದ್ದೀರ, ಬೇಯ್ಸ್ಕಳಿ. ನಮ್ಗೂ ಒಂದು ಬೋಸಿ ಕಳ್ಸಿ," ಎಂದರು. ಮಾವನ ಮರ್ಯಾದೆ ಉಳಿದಿತ್ತು, ನನ್ನ ಜಾಗವೂ ಉಳಿದಿತ್ತು, ಇಬ್ಬರೂ ಮೊಪೆಡ್ ಹತ್ತಿದೆವು. ಇದರಲ್ಲಿ ಗೆದ್ದವರು ಯಾರು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮಾವನೂ ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ, ಎರಡು ಸಲ ಗುಂಡಿಗೆ ಇಳಿಸಿದರು.

ಆ ಸಂಜೆ ನಾವು ಮಾಡಿದ ಮುದ್ದೆಯ ವಿಷಯ ಬೇಡ. ಹೊರಗೆ ಮುದ್ದೆಯಂತಿತ್ತು, ಒಳಗೆ ಹಿಟ್ಟು ಹಿಟ್ಟಾಗಿಯೇ ಇತ್ತು. ಕೆಂಪು ಡಬ್ಬ ಇದ್ದಿದ್ದರೆ ಹಾಕುತ್ತಿದ್ದೆ. ಇಲ್ಲದ್ದರಿಂದ ತಿಂದೆವು.

ಮರುದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಏರಿಗೆ ಹೋದೆ. ಇಬ್ಬರೂ ಕುರ್ಚಿಯಲ್ಲಿ ಕೂತಿದ್ದರು, ಕೂದಲು ಬಾಚಿರಲಿಲ್ಲ, ಒಂದೇ ಹೊದಿಕೆಯನ್ನು ಇಬ್ಬರ ಮಂಡಿಯ ಮೇಲೂ ಎಳೆದುಕೊಂಡಿದ್ದರು. ಗಿರಿಜಾಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ನೋಡಿಯೇ ಇರಲಿಲ್ಲ. ನನ್ನ ಎದೆ ಉಬ್ಬಿತು. ಮೂರು ವಾರ ಅಲೆದು ನಾನೇ ಹುಡುಕಿದ ಜಾಗವಲ್ಲವೇ? ಒಂದು ಮಾತು ಅವಳ ಬಾಯಿಂದಲೇ ಬರಲಿ ಎಂದು ಅವಳ ಎದುರಿಗೆ ಹೋಗಿ ನಿಂತು, "ಹೇಗಿದೆ ಜಾಗ?" ಎಂದು ಕೇಳಿದೆ.

"ತುಂಬಾ ಚೆನ್ನಾಗಿದೆ ರೀ," ಎಂದಳು ಗಿರಿಜಾ. "ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಕೆರೆ ಕಾಣಿಸ್ತಿಲ್ಲ."

ಎಡಕ್ಕೆ ಸರಿಯಲೋ ಬಲಕ್ಕೆ ಸರಿಯಲೋ ಎಂದು ತಿಳಿಯದೆ, ಫ್ಲಾಸ್ಕ್ ಹಿಡಿದುಕೊಂಡು ಎಡಕ್ಕೆ ಎರಡು ಹೆಜ್ಜೆ ಇಟ್ಟೆ.

"ಈಗ ನಂಗೆ ಅಡ್ಡ ಆಯ್ತಲ್ಲಪ್ಪ," ಎಂದರು ಅತ್ತೆ.