ಸೆಲ್ಲಾರಿನ ಡೀಸೆಲ್ಲೂ ನನ್ನ ಸಹಿಯೂ

ಹಾವಿಗೆ ಹೆದರುವವರನ್ನು, ಕತ್ತಲೆಗೆ ಹೆದರುವವರನ್ನು, ಹೆಂಡತಿಯ ತವರಿನವರಿಗೆ ಹೆದರುವವರನ್ನು ನಾನು ಕಂಡಿದ್ದೇನೆ. ಅವರಿಗೆಲ್ಲ ಒಂದು ಅನುಕೂಲವಿದೆ. ಹೆದರಿಸುವ ವಸ್ತು ಎದುರಿಗಿಲ್ಲದಾಗ ನೆಮ್ಮದಿಯಾಗಿ ಉಣ್ಣುತ್ತಾರೆ. ನನ್ನ ಭಯಕ್ಕೆ ಆ ಬಿಡುವಿಲ್ಲ, ಏಕೆಂದರೆ ನಾನು ಹೆದರುವುದು ನನ್ನದೇ ಸಹಿಗೆ. ಮಗಳ ಶಾಲೆಯ ಅಂಕಪಟ್ಟಿಗೆ ಸಹಿ ಹಾಕಬೇಕಾದರೂ ಎರಡು ಸಲ ಓದಿ, ಮುಂದೆ ಇದರಿಂದ ಯಾರಾದರೂ ನನ್ನನ್ನು ಹಿಡಿದುಕೊಂಡಾರೆಯೇ ಎಂದು ಯೋಚಿಸಿ, ಆಮೇಲೆ ಪೆನ್ನಿನ ಮುಚ್ಚಳ ತೆಗೆಯುವವನು ನಾನು.

ಇಂಥವನು ಹೊಸಪೇಟೆಯ ಒಂದು ಲಾಡ್ಜಿಗೆ ಮ್ಯಾನೇಜರ್ ಆಗಿದ್ದೆ. ಅದಿರಿನ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತಿದ್ದವು. ರಸ್ತೆಬದಿಯ ಬೇವಿನ ಮರಗಳೂ ಹಸಿರು ಬಿಟ್ಟು ಕೆಂಪಾಗಿದ್ದವು. ಅದುವರೆಗೆ ಹಂಪಿ ನೋಡಲು ಬಂದವರಷ್ಟೇ ಇಳಿದುಕೊಳ್ಳುತ್ತಿದ್ದ ನಮ್ಮಲ್ಲಿ ಅದಿರು ಕೊಳ್ಳುವವರು, ಮಾರುವವರು, ಇಬ್ಬರ ನಡುವೆ ಕೂತು ಸುಮ್ಮನೆ ಚಹಾ ಕುಡಿಯುವವರು, ಎಲ್ಲರೂ ತುಂಬಿಕೊಂಡರು. ಮಾಲೀಕರು ಚನ್ನಬಸಪ್ಪನವರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡಿದ್ದವರು ಆಗ ಹೊಸದಾಗಿ ಲಾರಿಗಳನ್ನೂ ಮಾಡಿದ್ದರು. ಒಳ್ಳೆಯ ಮನುಷ್ಯ. ಸಿಟ್ಟು ಬಂದರೆ ಧ್ವನಿ ಏರಿಸುತ್ತಿರಲಿಲ್ಲ, ತಗ್ಗಿಸುತ್ತಿದ್ದರು. ಹೀಗಾಗಿ ಅವರು ಮೆಲ್ಲಗೆ ಮಾತಾಡಿದಾಗಲೆಲ್ಲ ನನ್ನ ಅಂಗೈ ಬೆವರುತ್ತಿತ್ತು.

ಲಾಡ್ಜಿನ ಮೇಲೆ ಇನ್ನೆರಡು ಅಂತಸ್ತು ಎದ್ದವು. ಎದ್ದ ಮೇಲೆ, ಅಗ್ನಿಶಾಮಕದವರ ಒಪ್ಪಿಗೆ ಪತ್ರ ತನ್ನಿ ಎಂದು ಕಾಗದ ಬಂತು. ಅರ್ಜಿಯ ಕೊನೆಯಲ್ಲಿ ‘ಬೆಂಕಿ ಸುರಕ್ಷತೆಗೆ ಜವಾಬ್ದಾರರಾದ ವ್ಯಕ್ತಿ’ ಎಂದು ಒಂದು ಸಾಲು, ಅದರ ಮುಂದೆ ಖಾಲಿ ಜಾಗ. ಮಾಲೀಕರು ಅದನ್ನು ನೋಡಿ, ದಿನಾ ಅಲ್ಲಿರುವವರು ನೀವೇ ಅಲ್ಲವೇ, ನೀವೇ ಹಾಕಿ ಎಂದರು. ಮೆಲ್ಲಗೆ ಹೇಳಿದರು. ಹಾಕಿದೆ.

ನಿಯಮದಂತೆ ನೆಲದಡಿಯ ಸೆಲ್ಲಾರಿನಲ್ಲೂ ಊಟದ ಹಾಲಿನಲ್ಲೂ ಸ್ಪ್ರಿಂಕ್ಲರ್ ಕೂರಿಸಿದರು. ಚಾವಣಿಯುದ್ದಕ್ಕೂ ಕೆಂಪು ಪೈಪು, ಅದರಿಂದ ಅಲ್ಲಲ್ಲಿ ತಲೆಕೆಳಗಾಗಿ ನೇತಾಡುವ ಸಣ್ಣ ಮೂತಿ, ಮೂತಿಯಲ್ಲೊಂದು ಬೆರಳುಗುರಿನಷ್ಟು ಗಾಜಿನ ಬುರುಡೆ. ಅರವತ್ತೆಂಟು ಡಿಗ್ರಿ ಕಾವು ತಗುಲಿದರೆ ಗಾಜು ಒಡೆದು ನೀರು ಸುರಿಯುತ್ತದೆ ಎಂದು ಕೂರಿಸಿದವನು ವಿವರಿಸಿ ಹೋದ. ಅವನಿಗೆ ಅದು ವಿವರ, ನನಗೆ ಲೆಕ್ಕ. ಹೊಸಪೇಟೆಯ ಏಪ್ರಿಲ್ ಸಲೀಸಾಗಿ ನಲವತ್ತೆರಡು ಮುಟ್ಟುತ್ತದೆ, ಉಳಿದದ್ದು ಇಪ್ಪತ್ತಾರು. ಅಡುಗೆಯ ಹುಲಿಗೆಮ್ಮ ಒಮ್ಮೆಗೇ ನಾಲ್ಕು ಒಲೆ ಹೊತ್ತಿಸಿದರೆ ಅದರಲ್ಲಿ ಎಷ್ಟು ಕಳೆಯಬೇಕು? ನಾನು ಹಾಲಿನಲ್ಲಿ ಊಟಕ್ಕೆ ಕೂರುವಾಗ ಯಾವ ಮೂತಿಯ ಕೆಳಗೂ ಬಾರದ ಒಂದು ಕುರ್ಚಿಯನ್ನು ಗುರುತು ಮಾಡಿಕೊಂಡೆ. ಹುಲಿಗೆಮ್ಮ ಚಿತ್ತವಾಡ್ಗಿಯವಳು, ಲಾಡ್ಜು ಶುರುವಾದಂದಿನಿಂದ ಇದ್ದವಳು. ಅವಳು ನೋಡಿಯೂ ನೋಡದಂತೆ ನನ್ನ ತಟ್ಟೆಯನ್ನು ಅಲ್ಲಿಗೇ ತಂದಿಡುತ್ತಿದ್ದಳು.

ಇಷ್ಟಾದರೆ ಹೇಗೋ ಬದುಕುತ್ತಿದ್ದೆ. ಆದರೆ ಪರಿಶೀಲನೆಗೆ ಒಂದು ವಾರ ಇದೆ ಎನ್ನುವಾಗ ಸೆಲ್ಲಾರಿಗೆ ಡೀಸೆಲ್ ಬಂತು. ಬಂಕುಗಳ ಮುಂದೆ ಲಾರಿಗಳ ಸಾಲು ಕರಗುತ್ತಲೇ ಇರಲಿಲ್ಲ; ತಮ್ಮ ಗಾಡಿಗಳು ನಿಲ್ಲಬಾರದೆಂದು ಮಾಲೀಕರು ಬ್ಯಾರಲ್‌ಗಟ್ಟಲೆ ತರಿಸಿ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ಸಾಲಾಗಿ ಇಡಿಸಿ, ಮೇಲೆ ತಾಡಪಾಲು ಹೊದಿಸಿದರು. ಅರ್ಜಿಯ ಜೊತೆ ಕೊಟ್ಟಿದ್ದ ನಿಯಮಗಳ ಪ್ರತಿಯನ್ನು ಓದಿದವನು ಇಡೀ ಲಾಡ್ಜಿನಲ್ಲಿ ನಾನೊಬ್ಬನೇ. ಇಂತಿಷ್ಟಕ್ಕಿಂತ ಹೆಚ್ಚು ಎಣ್ಣೆ ಕೂಡಿಡಲು ಬೇರೆ ಪರವಾನಗಿ ಬೇಕು, ಜನ ಮಲಗುವ ಕಟ್ಟಡದ ಕೆಳಗಂತೂ ಇಡಲೇ ಕೂಡದು ಎಂದು ಅದರಲ್ಲಿತ್ತು. ಧೈರ್ಯ ಮಾಡಿ ಮಾಲೀಕರ ಮುಂದೆ ಹೋಗಿ ನಿಂತೆ. ಧೈರ್ಯವೆಂದರೆ, ಅವರು ಫೋನಿನಲ್ಲಿದ್ದಾಗ ಹೋದೆ. ಅವರು ಫೋನು ಕೆಳಗಿಟ್ಟು ನನ್ನನ್ನು ಕರುಣೆಯಿಂದ ನೋಡಿದರು.

“ಮ್ಯಾನೇಜರ್ರ, ಡೀಸೆಲ್ ಅಂದ್ರ ಪೆಟ್ರೋಲ್ ಅಲ್ರಿ. ಉರಿಯೋ ಕಡ್ಡಿ ಅದರಾಗ ಹಾಕಿದ್ರ ಕಡ್ಡೀನ ಆರ್ತೈತಿ. ನಾಕು ದಿನದ ಮಾತು, ಸುಮ್ಮನಿರ್ರಿ.”

ಸುಮ್ಮನಾದೆ. ಆದರೆ ಮನಸ್ಸು ಸುಮ್ಮನಾಗಬೇಕಲ್ಲ. ಆ ಕಡ್ಡಿಯನ್ನು ಯಾರು ಹಾಕಿ ನೋಡಿದರು, ಆಮೇಲೆ ಅವರು ಹೇಗಿದ್ದಾರೆ ಎಂಬುದು ಎಲ್ಲೂ ಬರೆದಿರಲಿಲ್ಲ. ಬ್ಯಾರಲ್‌ಗಳ ನೇರ ಮೇಲೆ ಅಡುಗೆಮನೆ, ಅದರ ಮೇಲೆ ಮೂವತ್ತು ಕೋಣೆ. ಬೀಡಿ ಸೇದುವ ಡ್ರೈವರುಗಳನ್ನು ಹಿಂಬಾಲಿಸುವುದೇ ನನ್ನ ಕೆಲಸವಾಯಿತು. ಒಬ್ಬ ಗಿರಾಕಿ ಕೋಣೆಯಲ್ಲಿ ಊದುಬತ್ತಿ ಹಚ್ಚಿಕೊಂಡು ಪೂಜೆಗೆ ಕೂತಿದ್ದಾಗ ಬಾಗಿಲು ಬಡಿದು, ದೇವರಿಗೆ ಹೂವು ಸಾಲದೇ ಎಂದು ಕೇಳಿ ಬೈಸಿಕೊಂಡೆ. ಮನೆಯಲ್ಲಿ ಅನ್ನ ಇಳಿಯುವುದು ನಿಂತಿತು. ಹೆಂಡತಿ ಸರೋಜ ಮೂರು ದಿನ ನೋಡಿ, ಎಲ್ಲ ಬಾಯಿ ಬಿಡಿಸಿಕೊಂಡಳು. ಪರಿಶೀಲನೆಯ ಸಾಹೇಬರು ಬಂದಾಗ ಇದ್ದದ್ದನ್ನು ಹೇಳಿಬಿಡಿ ಎಂದಳು. ಕೆಲಸ ಹೋಗುತ್ತದೆ ಎಂದೆ. ಹಾಗಾದರೆ ಬಾಯೇ ತೆರೆಯಬೇಡಿ, ಸುಳ್ಳು ಮಾತ್ರ ಹೇಳಬೇಡಿ, ನಿಮಗೆ ಅದು ಒಗ್ಗುವುದಿಲ್ಲ ಎಂದಳು. ಹನ್ನೆರಡು ವರ್ಷ ಸಂಸಾರ ಮಾಡಿದವಳ ಮಾತು, ಕೇಳಬೇಕಿತ್ತು.

ಪರಿಶೀಲನೆಗೆ ಬಂದ ಅಧಿಕಾರಿ ತೆಳ್ಳನೆಯ, ಶಾಂತ ಮನುಷ್ಯ. ಮೀಸೆಯಿಲ್ಲದ್ದನ್ನು ಕಂಡು ನನಗೆ ಅರ್ಧ ಜೀವ ಬಂತು. ಮೆಟ್ಟಿಲ ಅಗಲ ಅಳೆದರು, ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ನೋಡಿದರು, ಹಾಲಿನ ಸ್ಪ್ರಿಂಕ್ಲರ್ ಪೈಪಿನ ತುದಿಯ ವಾಲ್ವು ತಿರುಗಿಸಿ ನೀರು ಬಿಡಿಸಿದರು. ತೊಟ್ಟಿಯೊಳಗೂ ಅದಿರಿನ ಧೂಳು ಇಳಿದಿತ್ತೇನೋ, ನೀರು ಕುಂಕುಮ ಕಲಸಿದಂತೆ ಬಂತು. ಬಂತಲ್ಲ, ಸಾಕು ಎಂದು ನಕ್ಕರು. ಮಾಲೀಕರೂ ನಕ್ಕರು. ಅಧಿಕಾರಿ ಕೈ ಒರೆಸಿಕೊಂಡು ಕೂತು, ಕಾಗದ ತೆಗೆದು ಬರೆಯಲು ಶುರು ಮಾಡಿದರು. ಸೆಲ್ಲಾರಿನ ಸುದ್ದಿಯನ್ನೇ ಎತ್ತಿರಲಿಲ್ಲ. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ, ಯಾರೂ ಏನೂ ಕೇಳದಿದ್ದರೂ, ನನ್ನ ಬಾಯಿ ತಾನಾಗಿಯೇ ತೆರೆಯಿತು.

“ಸಾರ್, ಕೆಳಗ ಡೀಸೆಲ್ ಏನಿಲ್ರಿ.”

ಅಧಿಕಾರಿಯ ಪೆನ್ನು ನಿಂತಿತು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಯಾವ ಡೀಸೆಲ್ರಿ?” ಎಂದರು. ನಾನು ಮಾಲೀಕರನ್ನು ನೋಡಿದೆ. ಮಾಲೀಕರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದರು.

ಎಲ್ಲರೂ ಕೆಳಗಿಳಿದೆವು. ತಾಡಪಾಲು ಸರಿಸಿದ ಅಧಿಕಾರಿ ಬ್ಯಾರಲ್‌ಗಳನ್ನು ಎಣಿಸಿ, ತಲೆಯೆತ್ತಿ ಚಾವಣಿ ನೋಡಿ, ಮೇಲೆ ಏನಿದೆ ಎಂದು ಕೇಳಿದರು. ಉತ್ತರ ಬಂದದ್ದು ಹಿಂದಿನಿಂದ. ಸದ್ದು ಕೇಳಿ ಹುಲಿಗೆಮ್ಮ ಸೌಟು ಹಿಡಿದುಕೊಂಡೇ ಇಳಿದು ಬಂದಿದ್ದಳು. ಸೆಲ್ಲಾರಿನಲ್ಲಿ ಅಕ್ಕಿ ಚೀಲ ಇಟ್ಟಿದ್ದೇವೆಂದು ಅವಳಿಗೆ ಹೇಳಿದವನು ನಾನೇ.

“ನನ್ನ ಒಲಿ ಐತ್ರಿ ಸಾಹೇಬ್ರ,” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಿಮಗ ಗೊತ್ತಿತ್ತೇನ್ರಿ ಮ್ಯಾನೇಜರ್ರ? ಗೊತ್ತಿದ್ದೂ ನನ್ನ ಕೈಲೆ ದಿನಾ ಬಿಸಿ ರೊಟ್ಟಿ ಮಾಡಿಸ್ಕೊಂಡ್ ತಿಂದ್ರೇನು?”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ನೀರು ಬೀಳದ ಕುರ್ಚಿ ಹುಡುಕಿಕೊಂಡವನು, ಒಲೆಯ ಮುಂದೆ ನಿಲ್ಲುವವಳಿಗೆ ನಿಜ ಹೇಳಿರಲಿಲ್ಲ. ಈ ವಾರವೆಲ್ಲ ನಾನು ಹೆದರಿದ್ದು ಬೆಂಕಿಗಲ್ಲ, ಬೆಂಕಿ ಬಿದ್ದರೆ ಕಾಗದದ ಮೇಲೆ ಸಿಗುವ ನನ್ನ ಹೆಸರಿಗೆ. ಮೊದಲ ಸಲ ನನಗೆ ನಾಚಿಕೆಯಾಯಿತು; ಭಯದ ನಡುವೆ ಅದಕ್ಕೂ ಜಾಗವಿದೆ ಎಂದು ಆಗ ಗೊತ್ತಾಯಿತು.

ಅಧಿಕಾರಿ ಬ್ಯಾರಲ್ ಸರಿಸದೆ ಪತ್ರವಿಲ್ಲ ಎಂದು ಬರೆದುಕೊಟ್ಟರು. ಸಂಜೆಯೊಳಗೆ ಎಲ್ಲ ಬ್ಯಾರಲ್‌ಗಳೂ ಗಾದಿಗನೂರಿನ ಹತ್ತಿರದ ಒಂದು ಬಂಕಿಗೆ ಸಾಗಿದವು. ನಾನು ಮೇಜಿನ ಸಾಮಾನು ಕಟ್ಟಿಕೊಂಡು ಮಾಲೀಕರ ಕೋಣೆಗೆ ಹೋದೆ. ಅವರು ಎಂದಿಗಿಂತ ಜೋರಾಗಿಯೇ, ಕೂತುಕೊಳ್ಳಿ, ಹುಲಿಗೆಮ್ಮನಿಗೆ ನಾನೂ ಹೇಳಬೇಕಿತ್ತು ಎಂದರು. ಕೆಲಸ ಹೋಗಲಿಲ್ಲ.

ಪತ್ರ ಕೊಡುವ ಮುನ್ನ ಅಧಿಕಾರಿ ಒಂದು ಕವಾಯತು ನಡೆಸಬೇಕೆಂದರು. ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಗಾಬರಿಯಿಲ್ಲದೆ ಮೆಟ್ಟಿಲಿಳಿದು ಬೀದಿಗೆ ಬರಬೇಕು. ಜವಾಬ್ದಾರ ವ್ಯಕ್ತಿ ಎಲ್ಲರನ್ನೂ ಕಳಿಸಿ, ರಿಜಿಸ್ಟರ್ ಹಿಡಿದುಕೊಂಡು ಕೊನೆಯಲ್ಲಿ ಬರಬೇಕು. ಹಿಂದಿನ ದಿನವೇ ಎಲ್ಲರನ್ನೂ ನಿಲ್ಲಿಸಿಕೊಂಡು, ಇದು ಬರೀ ಅಭ್ಯಾಸ, ಹೆದರಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಮರುದಿನ ಹನ್ನೊಂದಕ್ಕೆ ಅಧಿಕಾರಿ ಬೀದಿಯಲ್ಲಿ ಗಡಿಯಾರ ಹಿಡಿದು ನಿಂತರು. ಗಂಟೆಯ ಗುಂಡಿ ಒತ್ತಿದ್ದು ನಾನೇ.

ಆ ಗಂಟೆಗೆ ಅಷ್ಟು ದೊಡ್ಡ ಸದ್ದಿದೆಯೆಂದು ನನಗೆ ತಿಳಿದಿರಲಿಲ್ಲ. ಎಚ್ಚರವಾದಾಗ ರಸ್ತೆಯ ಆಚೆ, ಬೀಡಾ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಆಮೇಲೆ ಗಿರಾಕಿಗಳು ಬಂದರು, ಮಾಲೀಕರು ಬಂದರು. ಎಲ್ಲರ ಹಿಂದೆ, ಗ್ಯಾಸು ಬಂದ್ ಮಾಡಿ, ಹಂಪಿ ನೋಡಲು ಬಂದಿದ್ದ ಒಬ್ಬ ಅಜ್ಜಿಯ ಕೈ ಹಿಡಿದು, ಕಂಕುಳಲ್ಲಿ ನನ್ನ ರಿಜಿಸ್ಟರ್ ಇಟ್ಟುಕೊಂಡು ಹುಲಿಗೆಮ್ಮ ನಿಧಾನವಾಗಿ ಇಳಿದು ಬಂದಳು.

ನಾನು ಏನೂ ಆಗದವನಂತೆ ಅಧಿಕಾರಿಯ ಪಕ್ಕಕ್ಕೆ ಹೋಗಿ, ಒಟ್ಟು ಎಷ್ಟು ಹೊತ್ತು ಹಿಡಿಯಿತು ಸಾರ್ ಎಂದು ಕೇಳಿದೆ. ಅವರು ಗಡಿಯಾರವನ್ನೂ ನನ್ನ ಬರಿಗಾಲನ್ನೂ ನೋಡಿದರು.

“ಯಾರಿಗ್ರಿ?” ಎಂದರು. “ಲಾಡ್ಜಿಗಾ, ನಿಮಗಾ?”