ಮುನಿದ ಮೈದುನನೂ ಮನವೊಲಿಸುವ ಮಾಸ್ತರನೂ

ಮನವೊಲಿಸುವವನು ಎಂದರೆ ಒಲ್ಲೆ ಎಂದವರ ಬಾಯಲ್ಲೇ ಹೂಂ ಎನ್ನಿಸುವವನು. ಜೇವರ್ಗಿಯ ಶಾಲೆಯಲ್ಲಿ ಕನ್ನಡ ಕಲಿಸುವ ನಾನು ಮಕ್ಕಳಿಗೆ ಹೀಗೆ ಅರ್ಥ ಹೇಳಿ, ಉದಾಹರಣೆಗೆ ನನ್ನನ್ನೇ ತೋರಿಸುತ್ತಿದ್ದೆ. ಹೀಗಾಗಿ, ಅಫಜಲಪುರದಲ್ಲಿ ಮುನಿಸಿಕೊಂಡು ಕೂತಿದ್ದ ಮೈದುನ ಬಸಣ್ಣನನ್ನು ನನ್ನ ಮಗಳ ಮದುವೆಗೆ ಒಪ್ಪಿಸಿ ತರುವ ಮಹತ್ಕಾರ್ಯಕ್ಕೆ ನಾನೇ ಹೊರಟೆ. ಆಳಂದಕ್ಕೆ ವರನನ್ನು ನೋಡಲು ಹೋದಾಗ ಬಸಣ್ಣನನ್ನು ಕರೆದಿರಲಿಲ್ಲ, ಅದೇ ಅವನ ಮುನಿಸು. ಸೋದರಮಾವ ಬಾರದಿದ್ದರೆ ಮಂಟಪಕ್ಕೇ ಬರುವುದಿಲ್ಲವೆಂದು ಮಗಳು ಊಟ ಬಿಟ್ಟಿದ್ದಳು.

“ನೀವು ಬ್ಯಾಡ್ರಿ, ನಾ ಹೋಗ್ತೇನಿ,” ಎಂದಳು ಹೆಂಡತಿ ಶಾಂತಾ.

“ಇದು ಮಾತಿನ ಕೆಲಸ ಐತಿ. ನಿನಗ ಆಗಂಗಿಲ್ಲ!”

ಬಸಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವನ ಹೊಲ ಹೊಗಳಿದೆ, ಎಮ್ಮೆ ಹೊಗಳಿದೆ, ಚಹಾ ಹೊಗಳಿದೆ. ಚಹಾ ಇನ್ನೂ ಬಂದಿರಲಿಲ್ಲ!

“ಮಾವಾರ, ನೀವು ಒಮ್ಮಿನೂ ಹಿಂಗ ಮಾತಾಡಿದವರಲ್ಲ. ಏನರ ಐತಿ,” ಎಂದ ಅವನು, ಕಣ್ಣು ಕಿರಿದು ಮಾಡಿ.

“ಹೊಲ ಯಾಕ ಹೊಗಳಾಕತ್ತಾರ, ಕೇಳ್ರಿ,” ಎಂದಳು ಬಾಗಿಲ ಹಿಂದಿನಿಂದ ಅವನ ಹೆಂಡತಿ ನೀಲಮ್ಮ.

“ಹೊಲದಾಗ ನಮಗ ಪಾಲು ಬ್ಯಾಡ ಬಿಡವ್ವಾ!” ಎಂದೆ ಗಾಬರಿಯಿಂದ.

“ಪಾಲಿನ ಸುದ್ದಿ ನಾ ಎತ್ತೇ ಇಲ್ಲ!” ಎಂದಳು ನೀಲಮ್ಮ.

ಕೊನೆಯ ಅಸ್ತ್ರವಾಗಿ ಚೀಲದಿಂದ ಧೋತರ, ರುಮಾಲು ತೆಗೆದು ಆಯೇರಿಯೆಂದು, ಅಂದರೆ ಮದುವೆಯ ಉಡುಗೊರೆಯೆಂದು, ಅವನ ಮುಂದಿಟ್ಟೆ. ನಮ್ಮ ಕಡೆ ಮದುವೆಗೆ ಬಂದವರಿಗೆ ಆಯೇರಿಯನ್ನು ಮಂಟಪದಲ್ಲೇ ಕೊಡುತ್ತಾರೆ, ಬಾರದವರಿಗೆ ಮಾತ್ರ ಮನೆಗೆ ಮುಟ್ಟಿಸುತ್ತಾರೆ. ಇದು ನನಗೆ ನೆನಪಾದದ್ದು ಬಸಣ್ಣನ ಮುಖ ಕೆಂಪಾದ ಮೇಲೆ.

“ಅಂದ್ರ ಇದನ್ನ ಉಟ್ಕೊಂಡು ಮನ್ಯಾಗ ಕುಂದ್ರು ಅಂತೀರೇನ್ರಿ? ತೊಗೊಂಡು ನಡೀರಿ!”

ಚೀಲದೊಂದಿಗೆ ಮನೆಗೆ ಬಂದೆ. ಶಾಂತಾ ನನ್ನ ಮುಖ ನೋಡಿ ಫೋನ್ ಎತ್ತಿದಳು. “ಬಸ್ಯಾ, ಹುಡುಗಿ ಉಣವಲ್ಲಳು. ಮುಂಜಾನಿ ಬಾ.” ಅಷ್ಟೇ! ಫೋನ್ ಇಟ್ಟಳು.

“ಒಂದು ಮಾತೂ ಒಲಿಸಿ ಹೇಳಲಿಲ್ಲಲ್ಲ?” ಎಂದೆ.

“ತಮ್ಮಗ ಏನು ಒಲಿಸೂದ್ರಿ?”

ಮುಂಜಾನೆ ಬಸಣ್ಣ ಬಂದ. ಮಗಳಿಗೆ ರೊಟ್ಟಿಯ ತುತ್ತು ತಾನೇ ತಿನ್ನಿಸಿದ. ಅವಳು ಅಳುತ್ತಲೇ ನಕ್ಕಳು. ನನಗೂ ಕಣ್ಣು ತುಂಬಿತು, ಹೊಟ್ಟೆಯೂ ಉರಿಯಿತು. ಒಳಕೋಣೆಯಲ್ಲಿ ಮುನಿಸಿಕೊಂಡು ಕೂತೆ. ಯಾರಾದರೂ ಮನವೊಲಿಸುವವರು ಬಂದೇ ಬರುತ್ತಾರೆಂದು ಕಾದೆ.

ಹೊರಗೆ ಬಸಣ್ಣನ ದನಿ ಕೇಳಿಸಿತು. “ಅಕ್ಕಾ, ಮಾವಾರು ಯಾಕ ಸುಮ್ಮ ಕುಂತಾರ? ಮತ್ತೇನರ ಹಂಚಿಕಿ ಹಾಕಾಕತ್ತಾರೇನು?”

“ಹಾಕ್ಲಿ ಬಿಡು. ಹಸಿವಾದ್ರ ಬರ್ತಾರ.”

ಹಸಿವಾಯಿತು. ಎದ್ದು ಹೋದೆ.