ಮಾವನವರ ಷರತ್ತು ಮತ್ತು ಇಂಜಿನ್ನಿನ ತಲೆ

ಸಮಾಜವನ್ನು ತಿದ್ದಲು ಹೊರಟವರಿಗೆಲ್ಲ ಒಂದು ದೌರ್ಬಲ್ಯವಿರುತ್ತದೆ: ನಾವು ಸುಧಾರಣೆಯನ್ನು ಕೈಗೆ ಸುಲಭವಾಗಿ ಎಟುಕುವ ಕಡೆಯಿಂದ ಆರಂಭಿಸುತ್ತೇವೆ. ಗ್ರಂಥಾಲಯ ಉದ್ಧಾರವಾಗಬೇಕೆಂದರೆ ಮೊದಲು ಅದಕ್ಕೆ ಸುಣ್ಣ ಹೊಡೆಸುತ್ತೇವೆ. ಸಭೆಗಳು ಶಿಸ್ತಿನಿಂದ ನಡೆಯಬೇಕೆಂದರೆ ಮೊದಲು ಮೈಕು ಬದಲಾಯಿಸುತ್ತೇವೆ. ನಾನು ದೊಡ್ಡಬಳ್ಳಾಪುರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುವವನು. ವಿದ್ಯಾರ್ಥಿ ದೆಸೆಯಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ನಮ್ಮ ಮನೆಯ ಕಾರನ್ನು ಸುಧಾರಿಸಲು ಹೊರಟಾಗಲೂ ಇದೇ ಪರಂಪರೆಯನ್ನು ನಿಷ್ಠೆಯಿಂದ ಪಾಲಿಸಿದೆ.

ಕಾರು ಹಳೆಯದು. ಇದ್ದದ್ದು ನಮ್ಮ ಜೊತೆಯಲ್ಲೇ ವಾಸವಾಗಿರುವ ಮಾವ ಮುನಿಶಾಮಪ್ಪನವರ ಹೆಸರಿನಲ್ಲಿ. ದೇವನಹಳ್ಳಿಯಿಂದ ಕಾಲೇಜಿಗೆ ದಿನವೂ ಓಡಿಸುತ್ತಿದ್ದವನು ನಾನು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆಯ ರಸ್ತೆಗಳು ಅಗಲವಾದವು, ಬಾಡಿಗೆ ಕ್ಯಾಬುಗಳು ನನ್ನನ್ನು ಹಾರ್ನಿಗೂ ಯೋಗ್ಯನಲ್ಲವೆಂಬಂತೆ ಹಿಂದೆ ಹಾಕಿ ಹೋಗತೊಡಗಿದವು. ಈ ಅಸಮಾನತೆಯನ್ನು ಸಹಿಸಲಾರದೆ, ಇಂಜಿನ್ನಿಗೆ ಗಾಳಿ ಒಳಹೋಗುವ ಕೊಳವೆ ಮತ್ತು ಫಿಲ್ಟರುಗಳನ್ನು ದೊಡ್ಡದು ಮಾಡಿಸಿದೆ. ಹೊಗೆ ಹೊರಬರುವ ಸೈಲೆನ್ಸರನ್ನೂ ಹೆಚ್ಚು ಸಲೀಸಾದುದಕ್ಕೆ ಬದಲಾಯಿಸಿದೆ. ಅದಕ್ಕೆ ಮುನ್ನ, ಊಟಕ್ಕೆ ಕುಳಿತಾಗ, ಪ್ರಾಣಿಗಳಿಗಿರುವಂತೆ ಯಂತ್ರಗಳಿಗೂ ಉಸಿರಾಡುವ ಹಕ್ಕಿದೆಯೆಂದು ಸಮರ್ಥವಾಗಿ ಮಂಡಿಸಿದ್ದೆ. ಹೆಂಡತಿ ಸುಧಾ ಸಾರು ಬಡಿಸುತ್ತ, "ಸೌಂಡು ಜಾಸ್ತಿ ಆಗಲ್ಲ ತಾನೆ?" ಎಂದಳು. ಶಬ್ದಮಾಲಿನ್ಯದ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದವನನ್ನು ಕೇಳುವ ಪ್ರಶ್ನೆಯೇ ಅದು? ಸ್ವರ ಕೊಂಚ ಗಂಭೀರವಾಗುತ್ತದೆ, ಅಷ್ಟೆ, ಎಂದೆ. ಸಹಕಾರ ಸಂಘದ ಕಾರ್ಯದರ್ಶಿಯಾಗಿ ಜೀವಮಾನವಿಡೀ ಭಾಷಣ ಕೇಳಿ ದಣಿದಿದ್ದ ಮಾವನವರು ಮುದ್ದೆ ಮುರಿಯುತ್ತ ಸುಮ್ಮನೆ ತಲೆಯಾಡಿಸಿದರು. ಅದನ್ನು ನಾನು ಸರ್ವಾನುಮತದ ಅಂಗೀಕಾರವೆಂದು ದಾಖಲಿಸಿಕೊಂಡೆ.

ಉಸಿರಾಟದ ಸ್ವಾತಂತ್ರ್ಯ ಪಡೆದ ಕಾರು ಓಡುವ ಕರ್ತವ್ಯವನ್ನು ಮರೆಯಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಯೋಚಿಸಿ, ಮುಕ್ಕರಿಸಿ, ಜಗ್ಗಿ, ಕೆಮ್ಮಿ ಹೊರಡುತ್ತಿತ್ತು. ಒಂದು ಸಂಜೆ ಮಾವನವರನ್ನು ಕೂರಿಸಿಕೊಂಡು ಬರುವಾಗ, ಕೋಟೆಯ ಬಳಿ ಅವರ ಗೆಳೆಯರೆಲ್ಲ ಕಾಫಿ ಕುಡಿಯುತ್ತ ನಿಂತಿದ್ದ ಹೋಟೆಲಿನ ನೇರಕ್ಕೆ ಬಂದು ನಿಂತೇಹೋಯಿತು. ಗೆಳೆಯರೊಬ್ಬರು ಲೋಟ ಹಿಡಿದೇ ಬಂದು ಕಿಟಕಿಗೆ ಬಗ್ಗಿದರು. "ಏನ್ ಮುನಿಶಾಮಪ್ಪ, ಅಳಿಯಂದ್ರು ಗಾಡಿಗೂ ಭಾಷಣ ಕಲಿಸವ್ರಾ? ಬರೀ ಸೌಂಡು, ಮುಂದಕ್ಕೇ ಹೋಗಾಕಿಲ್ಲ!"

ಕಾರು ಹೇಗೋ ಮತ್ತೆ ಹೊರಟು ಮನೆ ಮುಟ್ಟಿತು. ಗೇಟಿನ ಮುಂದೆ ಇಳಿದ ಮಾವನವರು, "ನೋಡಿ ಅಳಿಯಂದ್ರೇ, ಭಾನುವಾರ ರಾಜಘಟ್ಟಕ್ಕೆ ನಮ್ಮಕ್ಕನ ಮನೆಗೆ ಹೋಗೋದೈತೆ. ದಾರೀಲಿ ಒಂದ್ಸಲ ಮುಕ್ಕರಿಸಿದ್ರೂ ಸೋಮವಾರ ಇದನ್ನ ಮಾರ್ಬಿಡ್ತೀನಿ" ಎಂದು ಒಳನಡೆದರು. ಚರ್ಚೆಗೆ ಅವಕಾಶವೇ ಇಲ್ಲದ ನಿರ್ಣಯ. ಹೋಗುವುದು ಕಾರೊಂದೇ ಆಗಿದ್ದರೆ ಸಹಿಸಬಹುದಿತ್ತು. ಅದರ ಜೊತೆಗೆ ಆ ಮನೆಯಲ್ಲಿ ನನ್ನ ವಾದಕ್ಕಿದ್ದ ಬೆಲೆಯೂ ಹೋಗುತ್ತಿತ್ತು.

ನೆನಪಾದವನು ಗಿರೀಶ. ಕಾಲೇಜಿನ ವೇದಿಕೆಗಳಲ್ಲಿ ನನ್ನ ಖಾಯಂ ಪ್ರತಿವಾದಿ. ಈಗ ಊರಾಚೆ ಗ್ಯಾರೇಜು ಇಟ್ಟುಕೊಂಡು ಕಾರುಗಳ ಇಂಜಿನ್ ಕಂಪ್ಯೂಟರನ್ನು ಹೊಂದಿಸಿ ಕೊಡುತ್ತಾನೆ. ನನ್ನನ್ನು ಸೋಲಿಸಿದ ಪ್ರಸಂಗಗಳನ್ನು ಗಿರಾಕಿಗಳಿಗೆಲ್ಲ ಹೇಳುತ್ತಾನೆಂಬ ಕಾರಣಕ್ಕೇ ನಾನು ಅತ್ತ ಸುಳಿದಿರಲಿಲ್ಲ. ಈಗ ಬೇರೆ ದಾರಿಯಿಲ್ಲದೆ ಹೋದೆ. ಅವನು ಬಾನೆಟ್ ಎತ್ತಿ ನೋಡಿ ನಕ್ಕ. "ಗುರು, ಮೂಗು ಬದಲಾಯಿಸ್ದೆ, ಬಾಲ ಬದಲಾಯಿಸ್ದೆ, ತಲೆ ಯಾರಪ್ಪಾ ತಿದ್ತಾರೆ? ಕಂಪ್ಯೂಟರು ಇನ್ನೂ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಬಿಡ್ತಿದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಹಸ್ಕೊಂಡಿದೆ ಕಣೋ ಪಾಪ."

"ಅಂದರೆ ಕಾಯಿದೆಗೆ ತಿದ್ದುಪಡಿಯಾಗಿದೆ, ನಿಯಮಾವಳಿ ಮಾತ್ರ ಪರಿಷ್ಕರಣೆಯಾಗಿಲ್ಲ!" ಎಂದೆ.

"ಹೂಂ, ಹಂಗೇ ಇಟ್ಕೋ. ಗಾಡಿ ಹತ್ತು."

ಇಂಜಿನ್ನು ಎಷ್ಟು ಗಾಳಿ ಸೇದುತ್ತಿದೆಯೆಂದು ಅಳೆಯಲು ಕಾರನ್ನು ಬೇರೆಬೇರೆ ವೇಗದಲ್ಲಿ, ಪ್ರತಿ ವೇಗದಲ್ಲೂ ಕಾಲಿನ ಒತ್ತಡ ಕದಲದಂತೆ ಓಡಿಸಬೇಕಂತೆ. ಓಡಿಸುವುದು ನಾನು, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವುದು ಅವನು. ಅದಕ್ಕೆ ಬೇಕಾದ ನಿರ್ಜನ ರಸ್ತೆಯನ್ನು ನಮ್ಮ ತಾಲ್ಲೂಕು ಧಾರಾಳವಾಗಿ ಒದಗಿಸುತ್ತದೆ. ಗಿರೀಶ ನನ್ನನ್ನು ಕರೆದೊಯ್ದದ್ದು ಕಮಾನು, ದೀಪದ ಕಂಬ, ಉದ್ಯಾನವನದಲ್ಲಿ ಸಿಮೆಂಟಿನ ಜಿಂಕೆ ಎಲ್ಲವೂ ಇದ್ದು ಮನೆಯೊಂದು ಮಾತ್ರ ಇಲ್ಲದ ಒಂದು ಬಡಾವಣೆಗೆ. ಕಾವಲುಗಾರ ಕುರ್ಚಿಯಿಂದೆದ್ದು, "ಸೈಟ್ ನೋಡೋಕಾ ಸಾರ್?" ಎಂದ. ಗಿರೀಶ ಹೂಂಗುಟ್ಟಿದ. ಅಸತ್ಯವನ್ನು ಸಹಿಸದ ನಾನು, "ಇಲ್ಲಪ್ಪ, ನಾವು ಇಂಜಿನ್ನಿನ ಗಾಳಿ ಅಳೆಯಲು ಬಂದವರು" ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿ, ಗಿರೀಶನಿಗೆ ಮಾತ್ರ ಸಲಾಮು ಮಾಡಿ ಒಳಗೆ ಬಿಟ್ಟ.

ಮೊದಲ ಓಟ ಮುಗಿಯುತ್ತಲೇ ಗಿರೀಶ ಪರದೆಯನ್ನು ನನ್ನ ಕಡೆ ತಿರುಗಿಸಿದ. ನೇರವಾಗಿರಬೇಕಾದ ಗೆರೆ ಬೆಟ್ಟದ ಸಾಲಿನಂತಿತ್ತು. "ಕಾಲು ಯಾಕೋ ಹಿಂಗ್ ಕುಣೀತಿದೆ?" ಎಂದವನು, ಏನೋ ಹೊಳೆದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಓಡಿಸುವಾಗ ನಾನು, ರಾಗಿ ಬೆಳೆಯುವ ನೆಲವನ್ನು ಹೀಗೆ ಬಡಾವಣೆ ಮಾಡುವುದು ಎಷ್ಟು ಅನ್ಯಾಯವೆಂದು ಅವನಿಗೆ ಮನವರಿಕೆ ಮಾಡಿಕೊಡುತ್ತಿದ್ದೆ. "ಇಲ್ನೋಡು! 'ಮೊದಲನೆಯದಾಗಿ' ಅಂದಿದ್ದು ಇಲ್ಲಿ. 'ಎರಡನೆಯದಾಗಿ', ಇಲ್ಲಿ. 'ಕೊನೆಯದಾಗಿ' ಅಂತ ಮೂರ್ಸಲ ಅಂದೆ, ಮೂರೂ ಎದ್ದಿದಾವೆ! ಲೇ, ಬಾಯ್ಮುಚ್ಕೊಂಡು ಓಡ್ಸೋ!"

ಬಾಯಿ ಮುಚ್ಚಿದೆ. ಆಗ ನಿಜವಾದ ಪರೀಕ್ಷೆ ಆರಂಭವಾಯಿತು. ಎದುರಾಳಿ ಉತ್ತರ ಕೊಡುವಂತಿಲ್ಲ ಎಂದು ತಿಳಿದ ವಾದಿಗಿಂತ ಸಂತೃಪ್ತ ಜೀವಿ ಭೂಮಿಯ ಮೇಲಿಲ್ಲ. ಗಿರೀಶ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಬಡಾವಣೆಗಳಿಂದ ನಾಡಿಗಾದ ಉಪಕಾರಗಳನ್ನು ಬಣ್ಣಿಸತೊಡಗಿದ. ಒಂದೊಂದು ವಾಕ್ಯಕ್ಕೂ ನನ್ನ ಬಳಿ ಚೂರಿಯಂಥ ಖಂಡನೆ ಸಿದ್ಧವಿತ್ತು. ತಲೆಯ ಮೇಲೆ ವಿಮಾನ ಇಳಿಯುತ್ತಿತ್ತು, ನನ್ನ ಕಿವಿ ಬಿಸಿಯಾಗುತ್ತಿತ್ತು, ನಾಲಿಗೆ ಹಲ್ಲಿನ ನಡುವೆ ಇತ್ತು. ಕಾಲು ಮಾತ್ರ ಅಲುಗಲಿಲ್ಲ. ಓಟಗಳೆಲ್ಲ ಮುಗಿದಾಗ ಪರದೆಯ ಮೇಲೆ ಗೆರೆಗಳು ಹದವಾಗಿ ಎಳೆದ ರಂಗೋಲಿಯಂತೆ ನೆಟ್ಟಗಿದ್ದವು. ಗಿರೀಶ ಲೆಕ್ಕ ತಿದ್ದಿ ಕಂಪ್ಯೂಟರಿಗೆ ತುಂಬಿದ. "ಈಗ ಒತ್ತು."

ಒತ್ತಿದೆ. ಕಾರು ಯೋಚಿಸಲಿಲ್ಲ, ಕೆಮ್ಮಲಿಲ್ಲ, ಕರೆದೊಡನೆ ಓಗೊಟ್ಟಿತು. ಸಿಮೆಂಟಿನ ಜಿಂಕೆ ಹಿಂದಕ್ಕೆ ಓಡಿತು. ವೇದಿಕೆಗಳಲ್ಲಿ ಎಷ್ಟೋ ಚಪ್ಪಾಳೆ ಗಿಟ್ಟಿಸಿದ್ದೇನೆ. ಬೆನ್ನು ಸೀಟಿಗೆ ಒತ್ತಿಕೊಳ್ಳುವಂಥ ಸಮ್ಮತಿ ನನಗೆ ಸಿಕ್ಕಿದ್ದು ಅದೇ ಮೊದಲು. ಕಮಾನಿನ ಬಳಿ ಕಾವಲುಗಾರ, "ಒಪ್ಗೆ ಆಯ್ತಾ ಸಾರ್?" ಎಂದಾಗ, "ಆಯ್ತಪ್ಪಾ, ಆಯ್ತು!" ಎಂದು ಕೂಗಿದವನು ನಾನೇ.

ಭಾನುವಾರ ಮಾವನವರು ಮುಂದಿನ ಸೀಟಿನಲ್ಲಿ, ಡ್ಯಾಶ್‌ಬೋರ್ಡಿಗೆ ಅಂಗೈ ಒತ್ತಿ, ಮುಕ್ಕರಿಕೆಯನ್ನು ಎದುರುನೋಡುತ್ತ ಕುಳಿತರು. ಊರು ದಾಟಿತು, ಏರು ದಾಟಿತು. ಕೈ ಮೆಲ್ಲನೆ ತೊಡೆಗೆ ಇಳಿಯಿತು. ಮುಂದೆ ಟೆಂಪೋ ಒಂದು ತೆವಳುತ್ತಿದ್ದುದನ್ನು ಕಂಡು, "ಇನ್ನೊಂಚೂರು ಒತ್ತಿ" ಎಂದರು. ಒತ್ತಿದೆ. "ಆಹಾ!" ಎಂದರು. ಹಿಂದಿನ ಸೀಟಿನಲ್ಲಿ ಸುಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಜಘಟ್ಟದಲ್ಲಿ ಮಾವನವರು ಅಕ್ಕನಿಗೆ, "ಗಾಡಿ ಹಸ್ಕೊಂಡಿತ್ತು ಕಣಕ್ಕಾ, ನಮ್ಮಳಿಯ ಪತ್ತೆ ಹಚ್ಚವ್ರೆ" ಎನ್ನುವುದು ಹಜಾರದಲ್ಲಿ ಕುಳಿತಿದ್ದ ನನಗೆ ಕೇಳಿಸಿತು. ಆ ಮನೆತನದಲ್ಲಿ ನನಗೆ ಸಂದ ಮೊದಲ ಪ್ರಶಸ್ತಿ. ಹೊರಡುವಾಗ ಅವರು ಕೈ ಚಾಚಿ, "ಕೀ ಕೊಡಿ, ನಾನ್ ಓಡಿಸ್ತೀನಿ" ಎಂದರು. ವಿಜಯದ ಅಮಲಿನಲ್ಲಿ ಕೊಟ್ಟುಬಿಟ್ಟೆ.

ಸೋಮವಾರ ಕಾರು ಮಾರಾಟವಾಗಲಿಲ್ಲ. ಆದರೆ ಮನೆಯ ಮುಂದೆಯೂ ಇರಲಿಲ್ಲ. "ಅಪ್ಪ ಇಲ್ಲೇ ಪಕ್ಕದ ವಿಜಯಪುರಕ್ಕೆ ಹೋದ್ರು, ಯಾರೋ ಸ್ನೇಹಿತರನ್ನ ನೋಡೋಕೆ" ಎಂದಳು ಸುಧಾ. ಯಾರನ್ನು ಎಂದೆ. "ಹೋದ್ರೆ ಯಾರಾದ್ರೂ ಸಿಗ್ತಾರೆ ಅಂದ್ರು." ಅಂದಿನಿಂದ ಮಾವನವರ ಸ್ನೇಹಿತರ ಸಂಖ್ಯೆ ದಿನೇ ದಿನೇ ಬೆಳೆಯುತ್ತಿದೆ.

ಮೊನ್ನೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಆ ಗಂಭೀರ ಸ್ವರ ಕೇಳಿಸಿತು. ಮಾವನವರು ಒಂದು ಮೊಣಕೈಯನ್ನು ಕಿಟಕಿಯ ಮೇಲಿಟ್ಟುಕೊಂಡು ನಮ್ಮ ಬಸ್ಸನ್ನು ನಿರಾಯಾಸವಾಗಿ ಹಿಂದೆ ಹಾಕಿದರು. ಹೆಮ್ಮೆ ತಡೆಯಲಾಗದೆ, ಪಕ್ಕದಲ್ಲಿ ನಿಂತಿದ್ದ ಅಪರಿಚಿತರೊಬ್ಬರಿಗೆ ಇಡೀ ಹೋರಾಟದ ಕಥೆಯನ್ನು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, "ಅಲ್ಲಾ ಸಾರ್, ಗೆದ್ದೋರು ನೀವು. ಮತ್ತೆ ನೀವ್ಯಾಕೆ ಇಲ್ಲಿ ನೇತಾಡ್ತಿದ್ದೀರ?" ಎಂದರು. ನಾನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಗಂಟಲು ಸರಿಪಡಿಸಿಕೊಂಡು, ಸಾರ್ವಜನಿಕ ಸಾರಿಗೆಯಿಂದ ದೇಶಕ್ಕಾಗುವ ಲಾಭಗಳನ್ನು ಅವರಿಗೆ ಮನವರಿಕೆ ಮಾಡಿಕೊಡತೊಡಗಿದೆ.